ಫ್ರೀ ಕೌನ್ಸೆಲಿಂಗ್‌ಗೆ ದುಡ್ಡು ಕೊಡೋರು ಯಾರು?

ಭಾಗ 1/8

ಶನಿವಾರ ನಮ್ಮ ಕಾಲೇಜ್ ಆಡಿಟೋರಿಯಂನಲ್ಲಿ ‘ಸ್ಪಾಟ್ ಅಡ್ಮಿಷನ್ ಮೇಳ’. ಪೋಸ್ಟರ್ ನೀನೂ ನೋಡಿರ್ತೀಯ, ಕ್ಯಾಂಟೀನ್ ಗೋಡೇಲೂ ಅಂಟಿಸಿದಾರೆ. ಕೌನ್ಸೆಲಿಂಗ್ ಫ್ರೀ, ಅಪ್ಲಿಕೇಷನ್ ಫ್ರೀ, ಸ್ಕಾಲರ್‌ಶಿಪ್ ಗ್ಯಾರಂಟಿ. ಕೆಳಗೆ ಚಿಕ್ಕ ಅಕ್ಷರದಲ್ಲಿ: ಮಾರ್ಕ್ಸ್ ಕಾರ್ಡ್ ಜೊತೆ ತಂದೆ ತಾಯಿಯನ್ನೂ ಕರೆತನ್ನಿ.

ಆ ಕೊನೇ ಸಾಲು ಇನ್ನೊಂದ್ಸಲ ಓದು. ಓದೋದು ನೀನು. ಅವರಿಗೆ ಬೇಕಾಗಿರೋದು ನಿಮ್ಮಪ್ಪ. ಯಾಕಂದ್ರೆ ಮನೆ ಪತ್ರ ಇರೋದು ನಿಮ್ಮಪ್ಪನ ಹತ್ರ.

ಫೋಟೋದಲ್ಲಿ ಕಂಪನಿ ಹೆಸರಿನ ಮೇಲೆ ಸ್ಟಿಕ್ಕರ್ ಹಾಕಿದೀನಿ. ಹೆದರಿ ಅಲ್ಲ. ಇದು ಒಂದು ಕಂಪನಿ ಕಥೆ ಅಲ್ಲ, ಅದಕ್ಕೆ. ತುಮಕೂರಿನ ಯಾವ ಮುಖ್ಯ ರಸ್ತೇಲಿ ನಿಂತು ತಲೆ ಎತ್ತಿದ್ರೂ ಎರಡನೇ ಮಹಡೀಲಿ ಒಂದು ಬೋರ್ಡ್, ಬೋರ್ಡಲ್ಲಿ ಒಂದು ವಿಮಾನ, ಒಂದು ಟೋಪಿ ಹಾಕ್ಕೊಂಡಿರೋ ಹುಡುಗಿ.

ಮೊದಲೇ ಹೇಳ್ಬಿಡ್ತೀನಿ. ‘ದೇಶ ಬಿಟ್ಟು ಹೋಗ್ಬೇಡಿ’ ಅನ್ನೋ ಭಾಷಣ ಇದಲ್ಲ. ನನಗೂ ಹೋಗ್ಬೇಕು. ಓದೋಕೆ ಅಂತ ಊರು ಬಿಡೋರನ್ನ ಬೈಯೋ ಅಂಕಲ್‌ಗಳ ಗುಂಪಿಗೆ ನಾನು ಸೇರಿಲ್ಲ. ನಾನು ಹೇಳೋದು ಒಂದೇ ಮಾತು: ನಿನ್ನ ಅರ್ಜಿ ನೀನೇ ಹಾಕು. ಶನಿವಾರ ಯಾವ ಫಾರಂಗೂ ಸಹಿ ಮಾಡ್ಬೇಡ. ಯಾಕೆ ಅಂತ ಎಂಟು ಪೋಸ್ಟಲ್ಲಿ ಹೇಳ್ತೀನಿ. ಒಪ್ಪದೇ ಇದ್ರೆ ಕಮೆಂಟಲ್ಲಿ ಜಗಳ ಆಡು, ಆದ್ರೆ ಪೂರ್ತಿ ಓದಿ ಆಡು.

ಭಾಗ 2/8

ಹೋದ ಸೆಮಿಸ್ಟರ್ ರಜೇಲಿ ನಾನೂ ಅಪ್ಪನೂ ಇಂಥದ್ದೇ ಒಂದು ಆಫೀಸಿಗೆ ಹೋಗಿದ್ವಿ. ಎಸಿ, ಗಾಜಿನ ಬಾಗಿಲು, ಗೋಡೆ ತುಂಬ ವೀಸಾ ಹಿಡ್ಕೊಂಡು ನಗ್ತಿರೋರ ಫೋಟೋ. ಅಪ್ಪ ಚಪ್ಪಲಿ ಹೊರಗೆ ಬಿಡ್ಬೇಕಾ ಬೇಡ್ವಾ ಅಂತ ಎರಡು ಸಲ ನೋಡಿದ್ರು. ಆಮೇಲೆ ಸೋಫಾದ ತುದೀಲಿ ಕೂತ್ರು, ಬ್ಯಾಂಕ್ ಮ್ಯಾನೇಜರ್ ಮುಂದೆ ಕೂರ್ತಾರಲ್ಲ, ಹಾಗೆ.

ಕೌನ್ಸೆಲರ್ ಮೇಡಂ ನನ್ನ ಹತ್ರ ಇಂಗ್ಲಿಷಲ್ಲಿ, ಅಪ್ಪನ ಹತ್ರ ಕನ್ನಡದಲ್ಲಿ ಮಾತಾಡಿದ್ರು. ನನಗೆ ಹೇಳಿದ್ದು ಕನಸು. ಅಪ್ಪಂಗೆ ಹೇಳಿದ್ದು ಗಡುವು. “ಅಂಕಲ್, ಇವತ್ತೇ ಸೀಟ್ ಬ್ಲಾಕ್ ಮಾಡಿದ್ರೆ ಒಳ್ಳೇದು. ಈ ಸ್ಕಾಲರ್‌ಶಿಪ್ ಈ ವಾರ ಮಾತ್ರ.”

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಅವರದ್ದು ತಿಪಟೂರು ಕಡೆ ಸಣ್ಣ ಕೊಬ್ಬರಿ ವ್ಯಾಪಾರ. ಓದಿರೋದು ಎಸ್‌ಎಸ್‌ಎಲ್‌ಸಿ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಅಲ್ಲಮ್ಮಾ, ನಮ್ಮ ಹತ್ರ ಒಂದು ರೂಪಾಯೀನೂ ತಗೊಳಲ್ಲ ಅಂತೀಯ. ಇಷ್ಟು ದೊಡ್ಡ ಆಫೀಸು, ಬಾಡಿಗೆ, ಕರೆಂಟು. ಮತ್ತೆ ನಿಮಗೆ ದಲ್ಲಾಳಿ ಯಾರು ಕೊಡ್ತಾರೆ?”

ಮೇಡಂ ನಕ್ಕರು. “ಅಯ್ಯೋ ಅಂಕಲ್, ಅದೆಲ್ಲ ಯೂನಿವರ್ಸಿಟಿ ನೋಡ್ಕೊಳುತ್ತೆ.”

ನಿಜ ಹೇಳ್ಬೇಕಂದ್ರೆ ಆವತ್ತು ನನಗೆ ನಾಚಿಕೆ ಆಯ್ತು. ‘ದಲ್ಲಾಳಿ’ ಅಂದ್ಬಿಟ್ರಲ್ಲ ಅಂತ. ಬಸ್ಸಲ್ಲಿ ಬರ್ತಾ ಅಪ್ಪನ ಮೇಲೆ ಮುಖ ಊದಿಸ್ಕೊಂಡಿದ್ದೆ. ಅಪ್ಪ ಕಿಟಕಿ ಕಡೆ ನೋಡ್ಕೊಂಡು ಹೇಳಿದ್ರು: “ಮಂಡೀಲಿ ದಲ್ಲಾಳಿಗೆ ದುಡ್ಡು ಯಾರು ಕೊಡ್ತಾರೋ ತಕ್ಕಡಿ ಅವರ ಕಡೆಗೇ ವಾಲೋದು ಕಣವ್ವ. ಅದಕ್ಕೇ ಕೇಳ್ದೆ.”

ಮೂರು ವರ್ಷ ಬಿಕಾಂ ಓದ್ತಿರೋ ನನಗೆ ಹೊಳೀದೇ ಇದ್ದ ಪ್ರಶ್ನೆ ಅದು.

ಭಾಗ 3/8

ಬಿಸಿನೆಸ್ ಲಾ ನೋಟ್ಸ್ ತೆಗಿ. 1872ರ ಭಾರತೀಯ ಕರಾರು ಕಾಯ್ದೆ, ಸೆಕ್ಷನ್ 182. ಐದು ಮಾರ್ಕಿಗೆ ಬಾಯಿಪಾಠ ಮಾಡಿರ್ತೀಯ. ಇನ್ನೊಬ್ಬರ ಪರವಾಗಿ ಕೆಲಸ ಮಾಡೋಕೆ, ಮೂರನೆಯವರ ಜೊತೆ ವ್ಯವಹಾರ ಮಾಡೋವಾಗ ಅವರನ್ನ ಪ್ರತಿನಿಧಿಸೋಕೆ ನೇಮಕ ಆದವನು ಏಜೆಂಟ್. ಯಾರ ಪರವಾಗಿ ಮಾಡ್ತಾನೋ ಅವರು ಪ್ರಿನ್ಸಿಪಲ್.

ಈಗ ಲೆಕ್ಕ ಹಾಕು. ಈ ಆಫೀಸಿನವರ ಜೊತೆ ಒಪ್ಪಂದ ಮಾಡ್ಕೊಂಡಿರೋದು ಯಾರು? ವಿದೇಶಿ ಯೂನಿವರ್ಸಿಟಿ. ಕಮಿಷನ್ ಕೊಡೋದು ಯಾರು? ಅದೇ ಯೂನಿವರ್ಸಿಟಿ. ಹಾಗಾದ್ರೆ ಪ್ರಿನ್ಸಿಪಲ್ ಯಾರು? ನೀನಂತೂ ಅಲ್ಲ. ನೀನು ‘ಮೂರನೆಯವರು’. ಮಂಡಿ ಭಾಷೇಲಿ ಹೇಳೋದಾದ್ರೆ ನೀನು ಗಿರಾಕೀನೂ ಅಲ್ಲ, ಸರಕು.

ಕಮಿಷನ್ ಅಂದ್ರೆ ಸಾಮಾನ್ಯವಾಗಿ ನಿನ್ನ ಮೊದಲ ವರ್ಷದ ಫೀಸಲ್ಲಿ ಇಷ್ಟು ಪರ್ಸೆಂಟ್ ಅಂತ. ಬ್ರಿಟನ್ನಿನ ಒಂದು ಮಾಮೂಲಿ ಎಂಎಸ್ಸಿ ಮ್ಯಾನೇಜ್‌ಮೆಂಟ್ ಕೋರ್ಸಿಗೆ 20 ಲಕ್ಷ ಫೀಸ್ ಅಂದ್ಕೋ. 15 ಪರ್ಸೆಂಟ್ ಅಂದ್ರೂ 3 ಲಕ್ಷ. ನಿನ್ನ ಒಂದು ಸಹಿಗೆ 3 ಲಕ್ಷ. ಇದು ಕಳ್ಳತನ ಅಲ್ಲ, ಕಾನೂನಿಗೆ ವಿರುದ್ಧಾನೂ ಅಲ್ಲ. ಆದ್ರೆ ‘ಫ್ರೀ’ ಅಂತೂ ಖಂಡಿತ ಅಲ್ಲ. ನಿಮ್ಮಪ್ಪ ಕಟ್ಟೋ ಫೀಸಿನೊಳಗೇ ಅದು ಕೂತಿದೆ.

ಇದರಿಂದ ಏನಾಗುತ್ತೆ? ಕಮಿಷನ್ ಇಲ್ಲದ ದಾರಿ ಯಾವುದೂ ಅವರ ಪಟ್ಟೀಲಿ ಬರಲ್ಲ. ಜರ್ಮನಿಯ ಹೆಚ್ಚಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಟ್ಯೂಷನ್ ಫೀಸೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಈಚೆಗೆ ತಾನೂ ಶುರು ಮಾಡಿದೆ. ಫೀಸೇ ಇಲ್ಲ ಅಂದ್ಮೇಲೆ ಅದರಲ್ಲಿ ಪರ್ಸೆಂಟ್ ಎಲ್ಲಿಂದ ಬರ್ಬೇಕು? ಅದಕ್ಕೇ ‘ಮೇಡಂ, ಜರ್ಮನಿ?’ ಅಂತ ನಾನು ಕೇಳಿದ ತಕ್ಷಣ ಅಲ್ಲಿನ ಒಂದು ಖಾಸಗಿ ಕಾಲೇಜಿನ ಬ್ರೋಷರ್ ಟೇಬಲ್ ಮೇಲೆ ಬಂತು.

ಎಸ್‌ಸಿ, ಎಸ್‌ಟಿ ಸ್ನೇಹಿತರಿಗೆ ನಮ್ಮ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಅಲ್ಪಸಂಖ್ಯಾತರ ಮತ್ತು ಹಿಂದುಳಿದ ವರ್ಗಗಳ ನಿಗಮಗಳಲ್ಲಿ ವಿದೇಶಿ ಓದಿಗೆ ಸಾಲದ ಯೋಜನೆ ಇದೆ. ಯಾವ ಪೋಸ್ಟರಲ್ಲಾದ್ರೂ ಇವುಗಳ ಹೆಸರು ನೋಡಿದೀಯಾ? ನಾನು ನೋಡಿಲ್ಲ.

ಭಾಗ 4/8

ಈಗ ಎಸ್‌ಒಪಿ ಕಥೆ. ‘ನಾನು ಯಾಕೆ ಈ ಕೋರ್ಸ್ ಓದ್ಬೇಕು’ ಅಂತ ನೀನೇ ಬರೀಬೇಕಾದ ಪತ್ರ ಅದು. ನನಗೆ ಅವರು ಎರಡೇ ದಿನದಲ್ಲಿ ರೆಡಿ ಮಾಡಿ ಕಳಿಸಿದ್ರು. ಓದಿದೆ. ಚಿಕ್ಕಂದಿನಿಂದ ನನಗೆ ಲಾಜಿಸ್ಟಿಕ್ಸ್ ಮೇಲೆ ಪ್ರೀತಿ ಅಂತೆ. ನಮ್ಮ ತಂದೆ ಸಾರಿಗೆ ಉದ್ಯಮಿ ಅಂತೆ. ಮೂರನೇ ಪ್ಯಾರಾದಲ್ಲಿ ನನ್ನ ಹೆಸರಿನ ಬದಲು ಯಾರೋ ಹುಡುಗನ ಹೆಸರು ಹಾಗೇ ಉಳ್ಕೊಂಡಿತ್ತು.

ನಗು ಬರುತ್ತೆ ಅಲ್ವಾ? ನನಗೂ ಬಂತು. ಆಮೇಲೆ ಭಯ ಆಯ್ತು. ಆ ಪತ್ರದ ಕೆಳಗೆ ಸಹಿ ನನ್ನದು. ನಾಳೆ ವೀಸಾ ಅಧಿಕಾರಿ ‘ನಿಮ್ಮ ತಂದೆ ಹತ್ರ ಎಷ್ಟು ಲಾರಿ ಇದೆ?’ ಅಂದ್ರೆ ಉತ್ತರ ಕೊಡ್ಬೇಕಾದೋಳು ನಾನು.

ಇನ್ನೂ ದೊಡ್ಡ ವಿಷಯ ಇದೆ. ನನ್ನ ಹೆಸರಲ್ಲಿ ಅವರೇ ಒಂದು ಹೊಸ ಇಮೇಲ್ ತೆಗೆದಿದ್ರು. ಪಾಸ್‌ವರ್ಡ್ ಕೇಳಿದೆ. “ಅದು ನಮ್ಮ ಟೀಂ ಹ್ಯಾಂಡಲ್ ಮಾಡುತ್ತೆ, ನೀವು ಟೆನ್ಷನ್ ತಗೋಬೇಡಿ” ಅಂದ್ರು. ಯೂನಿವರ್ಸಿಟಿ ನನಗೆ ಬರೆಯೋ ಪತ್ರ ಅವರಿಗೆ ಹೋಗುತ್ತೆ. ರಿಜೆಕ್ಟ್ ಆದ್ರೂ, ಆಫರ್ ಬಂದ್ರೂ, ‘ಡೆಪಾಸಿಟ್ ವಾಪಸ್ ಬೇಕಾ’ ಅಂತ ಕೇಳಿದ್ರೂ ಮೊದಲು ಓದೋರು ಅವರು. ಅವರು ಎಷ್ಟು ಹೇಳ್ತಾರೋ ಅಷ್ಟೇ ನನಗೆ ಗೊತ್ತಾಗೋದು.

ಯೋಚನೆ ಮಾಡು. ನಮ್ಮ ಇನ್‌ಸ್ಟಾ ಪಾಸ್‌ವರ್ಡನ್ನ ಬೆಸ್ಟ್ ಫ್ರೆಂಡಿಗೂ ಕೊಡಲ್ಲ. 35 ಲಕ್ಷದ ವ್ಯವಹಾರದ ಪಾಸ್‌ವರ್ಡ್ ಮಾತ್ರ ಎರಡನೇ ಮಹಡಿಯ ಅಪರಿಚಿತರಿಗೆ ಕೊಡ್ತೀವಿ.

2023ರಲ್ಲಿ ಕೆನಡಾದಲ್ಲಿ ಏನಾಯ್ತು ನೆನಪಿದೆಯಾ? ಮುಖ್ಯವಾಗಿ ಪಂಜಾಬಿನಿಂದ ಹೋಗಿದ್ದ ವಿದ್ಯಾರ್ಥಿಗಳಿಗೆ ಗಡೀಪಾರಿನ ನೋಟಿಸ್ ಬಂತು. ವರ್ಷಗಳ ಹಿಂದೆ ಏಜೆಂಟ್ ಕೊಟ್ಟಿದ್ದ ಅಡ್ಮಿಷನ್ ಲೆಟರೇ ನಕಲಿ. ಅಲ್ಲಿ ಇಳಿದ ಮೇಲೆ ‘ಆ ಕಾಲೇಜಲ್ಲಿ ಸೀಟ್ ಇಲ್ಲ, ಬೇರೆ ಕಡೆ ಸೇರ್ಕೊ’ ಅಂದಿದ್ದ. ಸೇರಿದ್ರು, ಓದಿದ್ರು, ದುಡಿದ್ರು, ಪಿಆರ್‌ಗೆ ಅರ್ಜಿ ಹಾಕಿದಾಗ ಸಿಕ್ಕಿಬಿದ್ರು. ಅಮಾಯಕರನ್ನ ಕಳಿಸಲ್ಲ ಅಂತ ಅಲ್ಲಿನ ಸರ್ಕಾರ ಆಮೇಲೆ ಹೇಳ್ತು. ಆದ್ರೆ ಅಷ್ಟರಲ್ಲಿ ಅವರು ಬೀದೀಲಿ ಟೆಂಟ್ ಹಾಕ್ಕೊಂಡು ಧರಣಿ ಕೂತಾಗಿತ್ತು. ಆ ಲೆಟರ್ ಅಸಲಿಯಾ ಅಂತ ಕಾಲೇಜಿಗೇ ಒಂದು ಮೇಲ್ ಹಾಕಿ ಕೇಳಿದ್ರೆ ಶುರೂಲೇ ಗೊತ್ತಾಗ್ತಿತ್ತು.

ಭಾಗ 5/8

ಲೆಕ್ಕ. ಬಿಕಾಂ ಅಲ್ವಾ, ಇದಾದ್ರೂ ನಾವೇ ಮಾಡೋಣ. ಬ್ರಿಟನ್, ಲಂಡನ್ ಹೊರಗೆ, ಒಂದು ವರ್ಷದ ಮಾಸ್ಟರ್ಸ್. 1 ಪೌಂಡಿಗೆ 115 ರೂಪಾಯಿ ಅಂತ ಹಿಡ್ಕೊಂಡಿದೀನಿ.

ಫೀಸ್ 18,000 ಪೌಂಡ್: 20.7 ಲಕ್ಷ.
ಜೀವನಕ್ಕೆ ತೋರಿಸ್ಬೇಕಾದ ದುಡ್ಡು, 2025ರ ನವೆಂಬರ್ ನಿಯಮದ ಪ್ರಕಾರ ತಿಂಗಳಿಗೆ 1,171 ಪೌಂಡಿನಂತೆ 9 ತಿಂಗಳು: 12.1 ಲಕ್ಷ.
ಆರೋಗ್ಯ ಸರ್ಚಾರ್ಜ್, ವರ್ಷಕ್ಕೆ 776 ಪೌಂಡ್. ವೀಸಾ ಅವಧಿ ಒಂದು ವರ್ಷ ದಾಟೋದ್ರಿಂದ ಒಂದೂವರೆ ವರ್ಷದ್ದು ಕಟ್ಬೇಕು: 1.3 ಲಕ್ಷ.
ವೀಸಾ ಫೀಸ್: ಸುಮಾರು 60 ಸಾವಿರ.
ಟಿಕೆಟ್, ಬಟ್ಟೆ, ಐಇಎಲ್‌ಟಿಎಸ್ ಬೇರೆ. ಒಟ್ಟು 35 ಲಕ್ಷ ದಾಟುತ್ತೆ.

ಮನೇಲಿ 10 ಲಕ್ಷ ಹೇಗೋ ಹೊಂದಿಸಿದ್ರು ಅಂದ್ಕೋ. 25 ಲಕ್ಷ ಸಾಲ. ಬಡ್ಡಿ 11 ಪರ್ಸೆಂಟ್. ಓದೋ 1 ವರ್ಷ, ಆಮೇಲೆ ಇನ್ನೊಂದು 1 ವರ್ಷ ಕಂತು ಇಲ್ಲ ಅಂತಾರೆ. ಕಂತು ಇಲ್ಲ, ಸರಿ. ಬಡ್ಡಿ ಇದೆ. ಸರಳ ಬಡ್ಡಿ ಅಂದ್ರೂ 2 ವರ್ಷಕ್ಕೆ 5.5 ಲಕ್ಷ. ಕಂತು ಶುರುವಾಗೋ ದಿನ ಸಾಲ 30.5 ಲಕ್ಷ. 10 ವರ್ಷದಲ್ಲಿ ತೀರಿಸೋದಾದ್ರೆ ಇಎಂಐ ತಿಂಗಳಿಗೆ ಸುಮಾರು 42 ಸಾವಿರ. 120 ತಿಂಗಳು. ಒಟ್ಟು 50 ಲಕ್ಷ ದಾಟುತ್ತೆ.

ಅಲ್ಲೇ ಒಳ್ಳೇ ಕೆಲಸ ಸಿಕ್ಕಿದ್ರೆ 42 ಸಾವಿರ ದೊಡ್ಡದಲ್ಲ, ಒಪ್ತೀನಿ. ಸಿಗದೇ ವಾಪಸ್ ಬಂದ್ರೆ? ನಮ್ಮ ಕಾಲೇಜಿಂದ ಹೋಗಿ ಬೆಂಗಳೂರಲ್ಲಿ ಕೆಲಸ ಮಾಡ್ತಿರೋ ಸೀನಿಯರ್‌ಗಳನ್ನ ಸಂಬಳ ಎಷ್ಟು ಅಂತ ಕೇಳು. ಪೂರ್ತಿ ಸಂಬಳ ಕಟ್ಟಿದ್ರೂ ಕಂತಿಗೆ ಸಾಲದೇ ಇರೋರು ಎಷ್ಟು ಜನ ಅಂತ ನೀನೇ ನೋಡು.

ಬ್ಯಾಂಕು 7.5 ಲಕ್ಷ ದಾಟಿದ್ರೆ ಸಾಮಾನ್ಯವಾಗಿ ಅಡಮಾನ ಕೇಳುತ್ತೆ. ಅಂದ್ರೆ ಮನೆ ಪತ್ರ. ನಮ್ಮ ಮನೆಯ ಇ-ಖಾತಾ ಕಾಗದಾನ ಅಪ್ಪ ಬೀರುವಿಂದ ಹೊರಗೆ ತೆಗೆದಿಟ್ಟಿದ್ದು ನಾನು ನೋಡಿದೆ, ಆ ಆಫೀಸಿಗೆ ಹೋಗಿ ಬಂದ ರಾತ್ರಿ. ನನಗೇನೂ ಹೇಳ್ಲಿಲ್ಲ. ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಮನೇಲಿ ಇಟ್ಟಿದ್ರು.

ಈ ಲೆಕ್ಕಾನ ಆ ಆಫೀಸಲ್ಲಿ ಯಾರೂ ನಮಗೆ ಮಾಡಿ ತೋರಿಸ್ಲಿಲ್ಲ.

ಭಾಗ 6/8

ಪೋಸ್ಟರಲ್ಲಿ ಬರೆದಿದ್ದು, ಬರೀದೇ ಇದ್ದಿದ್ದು.

‘ಎರಡು ವರ್ಷ ವರ್ಕ್ ವೀಸಾ.’ ಬ್ರಿಟನ್ನಿನ ಗ್ರಾಜುಯೇಟ್ ರೂಟ್ 2021ರಲ್ಲಿ ಶುರುವಾದಾಗ 2 ವರ್ಷ, ಹೌದು. 2027ರ ಜನವರಿ 1ರಿಂದ ಅದಕ್ಕೆ ಅರ್ಜಿ ಹಾಕೋ ಡಿಗ್ರಿ, ಮಾಸ್ಟರ್ಸ್‌ನವರಿಗೆ 18 ತಿಂಗಳು ಮಾತ್ರ. ನೀನು ಈಗ ಅರ್ಜಿ ಹಾಕಿದ್ರೆ ಕೋರ್ಸ್ ಮುಗಿಯೋದು ಆ ತಾರೀಕಿನ ನಂತರಾನೇ. ಪೋಸ್ಟರ್ ಇನ್ನೂ ಹಳೇದೇ ಹೊಡೀತಿದೆ.

‘ಆಮೇಲೆ ಪಿಆರ್ ಸುಲಭ.’ ಆಮೇಲೆ ಅಲ್ಲೇ ಉಳಿಯೋಕೆ ಸ್ಕಿಲ್ಡ್ ವರ್ಕರ್ ವೀಸಾ ಬೇಕು. 2025ರ ಜುಲೈಯಿಂದ ಅದಕ್ಕೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸಬರಿಗೆ 33,400. ಆ ಸಂಬಳ ಕೊಟ್ಟು ಸ್ಪಾನ್ಸರ್ ಮಾಡೋ ಕಂಪನಿಯನ್ನ ನೀನೇ ಹುಡುಕ್ಬೇಕು.

‘ಪಾರ್ಟ್‌ಟೈಂ ಮಾಡಿ ಫೀಸ್ ಕಟ್ಬಹುದು.’ ಕ್ಲಾಸ್ ನಡೆಯೋವಾಗ ವಾರಕ್ಕೆ 20 ಗಂಟೆ ಮೀರೋ ಹಾಗಿಲ್ಲ. ಅದು ಊಟಕ್ಕೆ, ಬಾಡಿಗೆಗೆ ಕೈಹಿಡಿಯುತ್ತೆ. 20 ಲಕ್ಷ ಫೀಸಿಗಲ್ಲ.

‘ಸ್ಕಾಲರ್‌ಶಿಪ್ ಗ್ಯಾರಂಟಿ.’ ಬಂದೋರಿಗೆಲ್ಲ 3,000 ಪೌಂಡ್ ಕಡಿಮೆ ಮಾಡಿದ್ರೆ ಅದಕ್ಕೆ ಸ್ಕಾಲರ್‌ಶಿಪ್ ಅನ್ನಲ್ಲ, ಆಷಾಢ ಸೇಲ್ ಅಂತಾರೆ. ನಿಜವಾದ ದೊಡ್ಡ ಸ್ಕಾಲರ್‌ಶಿಪ್‌ಗೆ ಷರತ್ತೂ ದೊಡ್ಡದು. ಚೆವೆನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು. ಡಿಗ್ರಿ ಮುಗಿಸಿ ನೇರ ಹೋಗೋರಿಗೆ ಸಿಗಲ್ಲ.

‘ಫಂಡ್ಸ್ ನಾವು ಅರೇಂಜ್ ಮಾಡ್ತೀವಿ.’ ಇಲ್ಲಿ ಎದ್ದು ಹೊರಗೆ ಬಾ. ನಿನ್ನ ಖಾತೇಲಿ 28 ದಿನ ದುಡ್ಡು ಇರ್ಬೇಕು ಅನ್ನೋದು ಬ್ರಿಟನ್ ನಿಯಮ. ಯಾರದೋ ದುಡ್ಡನ್ನ ಬಡ್ಡಿಗೆ ತಂದು ತೋರಿಸಿ, ನಕಲಿ ಕಾಗದ ಜೋಡಿಸಿದ್ರೆ ಅದು ವಂಚನೆ. ಸಿಕ್ಕಿಬಿದ್ರೆ 10 ವರ್ಷದವರೆಗೂ ಆ ದೇಶಕ್ಕೆ ಕಾಲಿಡೋ ಹಾಗಿಲ್ಲ. ನಿಷೇಧ ನಿನಗೆ. ಅವರು ಮುಂದಿನ ಶನಿವಾರ ಬೇರೆ ಕಾಲೇಜಲ್ಲಿ ಮೇಳ ಮಾಡ್ತಿರ್ತಾರೆ.

ಇನ್ನೊಂದು ವಿಷಯ ನಮಗೆ ಮಾತ್ರ ಸಂಬಂಧಪಟ್ಟಿದ್ದು. ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ವಾಪಸ್ ಹೋಯ್ತು. ಅಮೆರಿಕದ ಸುಮಾರು ಯೂನಿವರ್ಸಿಟಿಗಳು ಮಾಸ್ಟರ್ಸ್‌ಗೆ 16 ವರ್ಷದ ಓದು ಕೇಳ್ತಾವೆ. ನಮ್ಮದು 15. ಕೆಲವು ಒಪ್ತಾವೆ, ಕೆಲವು ಒಪ್ಪಲ್ಲ. ಅಪ್ಲಿಕೇಷನ್ ಫೀಸ್ ಕಟ್ಟೋ ಮುಂಚೆ ಆ ಯೂನಿವರ್ಸಿಟಿಗೇ ಮೇಲ್ ಮಾಡಿ ಕೇಳು.

ಭಾಗ 7/8

ಈಗ ನೀನು ಹೇಳೋದು ನನಗೆ ಕೇಳಿಸ್ತಿದೆ.

“ನಮ್ಮ ಸೀನಿಯರ್ ಏಜೆಂಟ್ ಮೂಲಕಾನೇ ಹೋಗಿ ಚೆನ್ನಾಗಿದಾನೆ.” ಇರ್ಬಹುದು. ಒಳ್ಳೇ ಏಜೆಂಟರೂ ಇದಾರೆ. ಆದ್ರೆ ಗೋಡೆ ಮೇಲೆ ವೀಸಾ ಸಿಕ್ಕೋರ ಫೋಟೋ ಮಾತ್ರ ಇರುತ್ತೆ. ರಿಜೆಕ್ಟ್ ಆದೋರ ಫೋಟೋ ಹಾಕೋ ಗೋಡೆ ನಾನೆಲ್ಲೂ ನೋಡಿಲ್ಲ.

“ನಮ್ಮನೇಲಿ ಯಾರೂ ಓದಿಲ್ಲ, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾನೇ ಹೇಗೆ ಹಾಕಲಿ?” ಇದು ನಿಜವಾದ ಮಾತು. ನನ್ನದೂ ಇದೇ ಭಯ. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ ನಾನು. ಆ ಆಫೀಸುಗಳು ನಡೀತಿರೋದೇ ಈ ಭಯದ ಮೇಲೆ. ಆದ್ರೆ ಒಂದು ಮಾತು. ಅಲ್ಲಿ ಹೋದ್ಮೇಲೆ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಡಾಕ್ಟರ ಹತ್ರ ರಿಜಿಸ್ಟ್ರೇಷನ್, 3,000 ಪದದ ಅಸೈನ್‌ಮೆಂಟ್, ಎಲ್ಲಾನೂ ನೀನೇ ಮಾಡ್ಬೇಕು. ಈ ಅರ್ಜಿ ಅದರ ಮೊದಲನೇ ಪಾಠ. ಮೊದಲನೇ ಪಾಠಾನೇ ಬೇರೆಯವರ ಹತ್ರ ಬರೆಸಿದ್ರೆ ಪರೀಕ್ಷೆ ಯಾರು ಬರೀತಾರೆ? ಪಿಯುಸಿ ಆದ್ಮೇಲೆ ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಫಾರಂ ತುಂಬಿದೀವಿ ತಾನೆ? ಸರ್ವರ್ ಡೌನ್ ಇದ್ದಾಗ ರಾತ್ರಿ ಎರಡು ಗಂಟೆಗೆ ಎದ್ದು ಆಧಾರ್ ಓಟಿಪಿ ಕಾದಿದೀವಿ ತಾನೆ? ಅದಕ್ಕಿಂತ ಇದು ಕಷ್ಟ ಅಲ್ಲ, ನಿಜವಾಗ್ಲೂ.

“ನಿನಗೆ ಸಿಗ್ಲಿಲ್ಲ, ಅದಕ್ಕೆ ಹೊಟ್ಟೆಕಿಚ್ಚು.” ನನಗೆ ಆಫರ್ ಬಂದಿತ್ತು. ಆ ಲಾರಿ ಮಾಲೀಕನ ಮಗನ ಎಸ್‌ಒಪಿ ಮೇಲೇ ಬಂದಿತ್ತು! ಇದರರ್ಥ ಏನು ಯೋಚಿಸು. ನಾನು ಯಾರು ಅಂತ ಓದದೇ ಸೀಟ್ ಕೊಟ್ಟ ಕಡೆ 20 ಲಕ್ಷ ಯಾಕೆ ಕಟ್ಬೇಕು? ಡೆಪಾಸಿಟ್ ಕಟ್ಟೋ ಮುಂಚೆ ಬೇಡ ಅಂದ್ವಿ. ಆಮೇಲೆ ಒಂದು ತಿಂಗಳು ಫೋನ್ ಬಂತು. ನನಗಲ್ಲ, ಅಪ್ಪಂಗೆ. “ಮಗಳ ಭವಿಷ್ಯ ಹಾಳು ಮಾಡ್ತಿದೀರ ಅಂಕಲ್” ಅಂತ. ಅಂಗಡೀಲಿ ತೂಕ ಹಾಕ್ತಿದ್ದ ಮನುಷ್ಯ ಅದನ್ನ ಕೇಳಿಸ್ಕೊಂಡು ಸಂಜೆ ಬಂದು “ಹೋಗ್ಬೇಕಾಗಿತ್ತೇನೋ ಕಣವ್ವ” ಅಂದ್ರು. ಈ ಸರಣಿ ಬರೆಯೋಕೆ ಕೂತಿದ್ದು ಆ ಮಾತಿಗೆ.

ನಮ್ಮ ಕಾಲೇಜಿಗೂ ಒಂದು ಪ್ರಶ್ನೆ, ಗೌರವದಿಂದಲೇ. ಅಡ್ಮಿಷನ್ ಫಾರಂನಲ್ಲಿ ನಾವು ಬರೆದ ಅಪ್ಪ ಅಮ್ಮನ ನಂಬರ್ ಈ ಕಂಪನಿಗಳಿಗೆ ಹೇಗೆ ಸಿಗುತ್ತೆ? ಆಡಿಟೋರಿಯಂ ಬಾಡಿಗೆ ಎಷ್ಟು, ಯಾರ ಖಾತೆಗೆ? ಕಾಮರ್ಸ್ ಕಲಿಸೋ ಜಾಗದಲ್ಲಿ ಲೆಕ್ಕ ಕೇಳಿದ್ರೆ ತಪ್ಪಲ್ಲ ಅಂದ್ಕೊಳ್ತೀನಿ.

ಭಾಗ 8/8

ಹಾಗಾದ್ರೆ ಏನು ಮಾಡೋದು? ಸೇವ್ ಮಾಡ್ಕೋ.

1. ನಿನ್ನದೇ ಇಮೇಲ್, ನಿನ್ನದೇ ಪಾಸ್‌ವರ್ಡ್. ಯಾರು ಸಹಾಯ ಮಾಡಿದ್ರೂ ಇದನ್ನ ಬಿಡ್ಬೇಡ.

2. ಬ್ರಿಟನ್ನಿನ ಮಾಸ್ಟರ್ಸ್‌ಗೆ ಹೆಚ್ಚಿನ ಕಡೆ ಯೂನಿವರ್ಸಿಟಿ ವೆಬ್‌ಸೈಟಲ್ಲೇ ನೇರ ಅರ್ಜಿ. ವೀಸಾ ನಿಯಮ ಬ್ರಿಟನ್ ಸರ್ಕಾರದ ಸೈಟಲ್ಲಿ ಓದು, ರೀಲ್ಸಲ್ಲಿ ಅಲ್ಲ.

3. ಜರ್ಮನಿಗೆ ಕೋರ್ಸ್ ಹುಡುಕೋಕೆ ಡಿಎಎಡಿ ಸೈಟ್ ಇದೆ, ಉಚಿತ. 2022ರ ನವೆಂಬರ್‌ನಿಂದ ನಮ್ಮವರಿಗೆ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ, ಅದಕ್ಕೆ ಸಮಯ ಹಿಡಿಯುತ್ತೆ, ಮೊದಲೇ ಹಾಕು. ಫೀಸ್ ಇಲ್ಲದಿದ್ರೂ ಬ್ಲಾಕ್ಡ್ ಅಕೌಂಟಲ್ಲಿ ವರ್ಷಕ್ಕೆ 11,904 ಯೂರೋ ತೋರಿಸ್ಬೇಕು, ಅದನ್ನ ಲೆಕ್ಕಕ್ಕೆ ಸೇರಿಸ್ಕೋ. ಆ ದುಡ್ಡು ತಿಂಗಳಿಗೆ 992ರಂತೆ ನಿನಗೇ ವಾಪಸ್ ಬರುತ್ತೆ. ಬಿಕಾಂನಲ್ಲಿ ಎಕನಾಮಿಕ್ಸ್, ಸ್ಟ್ಯಾಟಿಸ್ಟಿಕ್ಸ್ ಕ್ರೆಡಿಟ್ ಎಷ್ಟಿದೆ ಅಂತ ನೋಡ್ತಾರೆ, ಸಿಲಬಸ್ ಪ್ರತಿ ಇಟ್ಕೋ.

4. ಅಮೆರಿಕ ಆದ್ರೆ ಎಜುಕೇಷನ್‌ಯುಎಸ್‌ಎ. ಅಲ್ಲಿನ ಸರ್ಕಾರದ್ದೇ, ಕಮಿಷನ್ ಇಲ್ಲದ ಸಲಹೆ.

5. ಎಸ್‌ಒಪಿ ಮೊದಲು ಕನ್ನಡದಲ್ಲಿ ಬರಿ. ನಿನಗೆ ನಿಜವಾಗಿ ಏನು ಬೇಕು ಅಂತ ಗೊತ್ತಾಗುತ್ತೆ. ಆಮೇಲೆ ಇಂಗ್ಲಿಷಿಗೆ ತಾ. ನನ್ನದು ಈಗ ಕೊಬ್ಬರಿ ಬೆಲೆ ಯಾಕೆ ಏರುತ್ತೆ, ಯಾಕೆ ಬೀಳುತ್ತೆ ಅನ್ನೋದರಿಂದ ಶುರುವಾಗುತ್ತೆ. ಲಾರಿ ಇಲ್ಲ.

6. ಶನಿವಾರ ಹೋಗ್ಲೇಬೇಕು ಅಂದ್ರೆ ಹೋಗು. ಸಹಿ ಮಾಡದೇ ಮೂರು ಪ್ರಶ್ನೆ ಕೇಳು. ಈ ಯೂನಿವರ್ಸಿಟಿಯಿಂದ ನಿಮಗೆ ಎಷ್ಟು ಪರ್ಸೆಂಟ್? ಕಮಿಷನ್ ಇಲ್ಲದ ಒಂದು ಯೂನಿವರ್ಸಿಟಿ ಹೆಸರು ಹೇಳಿ. ಡೆಪಾಸಿಟ್ ವಾಪಸ್ ಬರೋ ನಿಯಮ ಲಿಖಿತದಲ್ಲಿ ಕೊಡ್ತೀರಾ? ಮೂರಕ್ಕೂ ಮುಖ ನೋಡಿ ಉತ್ತರ ಕೊಡೋರು ಸಿಕ್ಕಿದ್ರೆ ನನಗೂ ನಂಬರ್ ಕಳಿಸು, ನಿಜವಾಗ್ಲೂ.

ಮೇಳ ಹನ್ನೊಂದಕ್ಕೆ. ಅದೇ ಹೊತ್ತಿಗೆ ನಾವು ನಾಲ್ಕು ಜನ ಲೈಬ್ರರಿ ಮೂಲೆ ಟೇಬಲಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರ್ತೀವಿ. ಒಬ್ಬರ ಎಸ್‌ಒಪಿ ಇನ್ನೊಬ್ಬರು ಓದೋದು, ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದೋದು. ನಮಗೆ ಯಾರಿಗೂ ಎಲ್ಲ ಗೊತ್ತಿಲ್ಲ. ಆದ್ರೆ ನಮ್ಮಲ್ಲಿ ಯಾರಿಗೂ ನಿನ್ನಿಂದ 3 ಲಕ್ಷ ಬರೋದಿಲ್ಲ.

ಅಪ್ಪ ಅಮ್ಮ ಬಂದ್ರೆ ಅವರನ್ನೂ ಕರ್ಕೊಂಡು ಬಾ. ಸೋಫಾ ಇಲ್ಲ, ಬೆಂಚಿದೆ. ಅವರು ಯಾವ ಪ್ರಶ್ನೆ ಕೇಳಿದ್ರೂ ನಾಚ್ಕೋಬೇಡ. ನಾನು ನಾಚಿದ್ದೆ, ಅದು ತಪ್ಪು.

ಮನೆ ಪತ್ರ ಈಗ ಮತ್ತೆ ಬೀರುವಲ್ಲಿದೆ. ಒಂದಿನ ಅದನ್ನ ಹೊರಗೆ ತೆಗೀಬೇಕಾಗಿ ಬರ್ಬಹುದು. ಆವತ್ತು ಲೆಕ್ಕ ಮಾಡಿ, ಎದುರಿಗೆ ಕೂತು, ಅಪ್ಪಂಗೆ ನಾನೇ ಅರ್ಥ ಮಾಡಿಸಿ ತೆಗೆಸ್ತೀನಿ.

ಫೈನಲ್ ಇಯರ್‌ನಲ್ಲಿರೋ ಒಬ್ಬರಿಗಾದ್ರೂ ಇದನ್ನ ಕಳಿಸು. ಶನಿವಾರಕ್ಕೆ ಮುಂಚೆ.

#ನಿನ್ನಅರ್ಜಿನೀನೇಹಾಕು #ಬಿಕಾಂಹುಡುಗರು #ತುಮಕೂರು #ವಿದೇಶಿಓದು